ತೋಳು ಕಲಿತದ್ದು

ಬಸಲಿಂಗವ್ವನ ಬಲಗೈ ಬಡಿಯಲು ಶುರುಮಾಡಿದ್ದು ಒಂದು ಬೆಳಿಗ್ಗೆ, ಮಗಳು ಮಂದಾಕಿನಿ ಆಕೆಯ ತಲೆ ಬಾಚುತ್ತಿದ್ದಾಗ. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಕೈ ಮೆಲ್ಲಗೆ ಮೇಲೆದ್ದಿತು, ಮುಷ್ಟಿ ಕಟ್ಟಿತು, ಮಂಚದ ಹಲಗೆಗೆ ಎರಡು ಸಣ್ಣ ಏಟು, ಒಂದು ದೊಡ್ಡ ಏಟು ಕೊಟ್ಟಿತು. ಸ್ವಲ್ಪ ತಡೆದು ಮತ್ತೆ ಎದ್ದಿತು.

“ಏನ್ ಬೇಕಾಗಿತ್ತವ್ವಾ?” ಎಂದಳು ಮಂದಾಕಿನಿ.

“ನಾ ಏನೂ ಕೇಳಿಲ್ಲಲ್ಲ.”

“ಮತ್ತ ಯಾಕ ಬಡಿಯಾಕತ್ತಿ?”

ಬಸಲಿಂಗವ್ವ ತನ್ನ ಕೈಯನ್ನು ಬೇರೆಯವರ ಮನೆಯ ಕೂಸನ್ನು ನೋಡುವಂತೆ ನೋಡಿದಳು. “ನಾ ಬಡಿಯಾಕತ್ತಿಲ್ಲ, ಮಂದಾ. ಅದು ತಾನ ಬಡಿಯಾಕತ್ತೈತಿ.”

ಬಸಲಿಂಗವ್ವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿ ಬಹಳ ದಿನಗಳಾಗಿದ್ದವು. ಈಗ ಅದು ಏಳುತ್ತಿದ್ದರೆ ಅದಕ್ಕೆ ಕಾರಣ ಹೆಗಲಿನಿಂದ ಬೆರಳಿನವರೆಗೆ ತೊಡಿಸಿದ್ದ ಬೂದುಬಣ್ಣದ ತೋಳುಪಟ್ಟಿ. ಅದನ್ನು ಮಾಡಿದ್ದು ಧಾರವಾಡದ ಚಲನ ಕೇಂದ್ರ. ಮಾಡಿದವರಲ್ಲಿ ಮಂದಾಕಿನಿಯೂ ಒಬ್ಬಳು.

ಸ್ನಾಯುವಿನಂಥ ಹಟಮಾರಿ ಬೇರೆ ಇಲ್ಲ. ಅದಕ್ಕೆ ಎಳೆಯುವುದೊಂದೇ ಗೊತ್ತು, ತಳ್ಳುವುದು ಬಾರದು. ಹಾಗಾಗಿ ಮೈಯಲ್ಲಿ ಅವು ಜೋಡಿಯಾಗಿ ಎಲುಬಿಗೆ ಕಟ್ಟಿಕೊಂಡಿವೆ. ತೋಳಿನ ಮುಂದಿನದು ಎಳೆದರೆ ಮೊಣಕೈ ಮಡಚುತ್ತದೆ, ಹಿಂದಿನದು ಎಳೆದರೆ ಚಾಚುತ್ತದೆ. ಒಂದು ಎಳೆಯುವಾಗ ಇನ್ನೊಂದು ಬಿಟ್ಟುಕೊಡಬೇಕು. ಯಾವುದು ಎಳೆಯಬೇಕು, ಯಾವುದು ಎಷ್ಟು ಬಿಟ್ಟುಕೊಡಬೇಕು ಎಂಬ ಅಪ್ಪಣೆ ಮಿದುಳಿನಿಂದ ನರಗಳ ಮೂಲಕ ಸಣ್ಣ ವಿದ್ಯುತ್ತಾಗಿ ಬರುತ್ತದೆ. ಲಕ್ವಾ ಹೊಡೆದವರಲ್ಲಿ ಆ ಅಪ್ಪಣೆ ಪಿಸುಮಾತಿನಷ್ಟು ಕ್ಷೀಣವಾಗಿರುತ್ತದೆ. ತೋಳುಪಟ್ಟಿ ಆ ಪಿಸುಮಾತನ್ನು ಚರ್ಮದ ಮೇಲಿಂದಲೇ ಕೇಳಿಸಿಕೊಳ್ಳುತ್ತಿತ್ತು. ವಿದ್ಯುತ್ ತಾಗಿದರೆ ಕುಗ್ಗುವ ತನ್ನ ನೂಲುಗಳಿಂದ ಉಳಿದ ಕೆಲಸವನ್ನು ಪೂರೈಸುತ್ತಿತ್ತು.

ಅದಕ್ಕೆ ಇನ್ನೊಂದು ಗುಣವಿತ್ತು, ಅದು ಮಂದಾಕಿನಿಯ ಕಲ್ಪನೆ. ಒಂದು ಪಟ್ಟಿ ಕಲಿತದ್ದನ್ನು ಎಲ್ಲ ಪಟ್ಟಿಗಳೂ ಕಲಿಯುತ್ತಿದ್ದವು. ಗದಗಿನಲ್ಲಿ ಒಬ್ಬ ಮುದುಕ ತಂಬಿಗೆ ಎತ್ತಲು ಕಲಿತರೆ ಆ ಹದ ಕೇಂದ್ರಕ್ಕೆ ಬಂದು, ಉಳಿದವರ ಕಲಿಕೆಯೊಡನೆ ಬೆರೆತು, ಎಲ್ಲರ ತೋಳಿಗೂ ಹೋಗುತ್ತಿತ್ತು. ನೆಟ್‌ವರ್ಕ್ ಸಿಗದ ಹಳ್ಳಿಗಳಿಗೆಂದು ಅಕ್ಕಪಕ್ಕದ ಪಟ್ಟಿಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಏರ್ಪಾಡೂ ಇತ್ತು. ಯಾರ ತೋಳಿನಿಂದ ಯಾವುದು ಬಂತು ಎಂಬುದನ್ನು ಮಾತ್ರ ಕೇಂದ್ರ ಇಟ್ಟುಕೊಳ್ಳುತ್ತಿರಲಿಲ್ಲ. ಜನರ ಮೈಯ ಗುಟ್ಟು ಜನರಲ್ಲೇ ಇರಲಿ ಎಂಬುದು ಕಾನೂನು. ಕಣಕ್ಕೆ ಬಂದ ಕಾಳು ರಾಶಿಯಲ್ಲಿ ಬಿದ್ದ ಮೇಲೆ ಯಾವ ಹೊಲದ್ದೆಂದು ಹೇಳಲು ಬರುತ್ತದೆಯೇ, ಹಾಗೆ.

ಮಂದಾಕಿನಿ ತಾಯಿಯ ಪಟ್ಟಿಯನ್ನು ಬಿಚ್ಚಿ ಮತ್ತೆ ತೊಡಿಸಿದಳು. ಕೈ ಸ್ವಲ್ಪ ಹೊತ್ತು ಸುಮ್ಮನಿತ್ತು, ಆಮೇಲೆ ಮತ್ತೆ ಹಲಗೆಗೆ ಬಡಿಯಿತು. ಆ ಸದ್ದಿಗೆ ಹೂವಿನವಳು ಬಾಗಿಲು ತಟ್ಟುತ್ತಿದ್ದಾಳೆಂದುಕೊಂಡು ಪಕ್ಕದ ಮನೆಯಾಕೆ ಇಣುಕಿ ನೋಡಿ ಹೋದಳು.

ಕೇಂದ್ರಕ್ಕೆ ಬಂದಾಗ ಫೋನುಗಳು ಒಂದೇ ಸಮನೆ ರಿಂಗಣಿಸುತ್ತಿದ್ದವು. ರೋಣದ ಮಾಸ್ತರೊಬ್ಬರು ಊಟಕ್ಕೆ ಕೂತರೆ ಕೈ ತಾಟಿಗೆ ಬಡಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ಒಬ್ಬಾಕೆ ಮೊಮ್ಮಗನನ್ನು ಎತ್ತಿಕೊಂಡಿದ್ದಾಗ ಕೈ ಬಿಟ್ಟುಹೋಗಿ ಗೋಡೆಗೆ ಬಡಿಯತೊಡಗಿತ್ತು. ಕೂಸನ್ನು ಸೊಸೆ ಹಿಡಿದದ್ದರಿಂದ ಉಳಿಯಿತು. ಒಬ್ಬ ಮುದುಕನ ಗೆಣ್ಣುಗಳಲ್ಲಿ ರಕ್ತ ಬಂದಿತ್ತು. ಎಲ್ಲರದೂ ಒಂದೇ ಬಡಿತ: ಎರಡು ಸಣ್ಣದು, ಒಂದು ದೊಡ್ಡದು, ತುಸು ಬಿಡುವು. ಪಟ್ಟಿ ಬಿಚ್ಚಿಡಿ ಎಂದರೆ, “ಬಿಚ್ಚಿಟ್ಟು ಉಣ್ಣೂದು ಹ್ಯಾಂಗ್ರಿ?” ಎಂದು ಕೇಳುತ್ತಿದ್ದರು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಶ್ರೀಪಾದ ಕಟ್ಟಿ ದೊಡ್ಡ ಪರದೆಯ ಎದುರು ನಿಂತಿದ್ದರು. ಪರದೆಯ ಮೇಲೆ ತೋಳಿನ ಸ್ನಾಯುಗಳ ಅಲೆಗಳು ಏಳುತ್ತ ಬೀಳುತ್ತ ಇದ್ದವು, ಎಲ್ಲವೂ ಒಂದೇ ತಾಳದಲ್ಲಿ.

“ಇದೊಂದು ದೋಷ ಅದ, ಮಂದಾಕಿನಿ,” ಎಂದರು ಅವರು. “ಎಲ್ಲೋ ಒಂದು ಪಟ್ಟಿ ಕೆಟ್ಟು ತಪ್ಪು ಕಲಿಸೇದ. ಈಗಿಂದೀಗ ಅಳಿಸಿಬಿಡೋಣ.”

“ಸ್ವಲ್ಪ ತಡೀರಿ ಸರ್.”

ಆಕೆ ಅಲೆಗಳನ್ನು ಹತ್ತಿರದಿಂದ ನೋಡಿದಳು. ಕೆಟ್ಟ ಯಂತ್ರದ ಬಡಿತ ಗಡಿಯಾರದ ಹಾಗೆ ಇರುತ್ತದೆ. ಇದು ಹಾಗಿರಲಿಲ್ಲ. ಪ್ರತಿ ಏಟಿನ ಅಂಚಿನಲ್ಲೂ ಸಣ್ಣದೊಂದು ನಡುಕವಿತ್ತು, ದಣಿದ ಸ್ನಾಯುವಿನಲ್ಲಿ ಮಾತ್ರ ಕಾಣುವ ನಡುಕ. ಏಟಿಗೂ ಏಟಿಗೂ ನಡುವೆ ಹೆಗಲು ಏರಿಳಿಯುತ್ತಿತ್ತು, ಏದುಸಿರು ಬಿಡುವವರ ಹೆಗಲಿನಂತೆ. ಮೊಣಕೈ ಮಡಚುವ ಸ್ನಾಯುವಿನಲ್ಲಿ ಬಲವೇ ಇರಲಿಲ್ಲ. ಬಡಿಯುತ್ತಿದ್ದವರು ಯಾರೋ, ಇಡೀ ತೋಳನ್ನು ಹೆಗಲಿನಿಂದ ಎತ್ತಿ ಎಸೆಯುತ್ತಿದ್ದರು.

ಮಂದಾಕಿನಿ ಎದ್ದು ಗೋಡೆಯ ಹತ್ತಿರ ಹೋಗಿ ಕಣ್ಣು ಮುಚ್ಚಿದಳು. ಪರದೆಯ ಮೇಲಿನ ಚಲನೆಯನ್ನು ತನ್ನ ಮೈಯಲ್ಲೇ ಮಾಡತೊಡಗಿದಳು. ಮೊದಲು ಗೋಡೆಗೆ ಬಡಿದಳು, ಅದು ಹೊಂದಲಿಲ್ಲ. ಹೆಗಲು ಇನ್ನೂ ಮೇಲೆ ಹೋಗಬೇಕಿತ್ತು. ತೋಳನ್ನು ತಲೆಯ ಮೇಲೆತ್ತಿ ಗಾಳಿಗೆ ಬಡಿದಳು. ಹೊಂದಿತು. ಆದರೆ ಮುಷ್ಟಿ ಹಿಂದಕ್ಕೆ ಹೋಗುವ ದಾರಿ ಬಹಳ ಗಿಡ್ಡ. ಹಿಂದೆ ಏನೋ ಅಡ್ಡವಿತ್ತು. ಮುಂದೆಯೂ ಇತ್ತು. ಆಕೆಗೆ ಅರಿವಿಲ್ಲದೆಯೇ ಮೈ ಕುಗ್ಗಿ, ಹಿಮ್ಮಡಿ ಎದ್ದು, ಗದ್ದ ಮೇಲಾಯಿತು. ಮೂಗಿನ ಮುಂದೆ ಒಂದು ಗೋಡೆ ಇದ್ದಂತೆ ಅನಿಸಿ ಉಸಿರು ಕಟ್ಟಿತು. ಫಕ್ಕನೆ ಕಣ್ಣು ತೆರೆದಳು.

“ಸರ್, ಇದು ದೋಷ ಅಲ್ಲ. ಯಾರೋ ಇಕ್ಕಟ್ಟಿನಾಗ ಸಿಕ್ಕಾರ. ತಲಿ ಮ್ಯಾಲೆ ಏನೋ ಮುಚ್ಚಿಕೊಂಡೈತಿ, ಅದನ್ನ ಬಡಿಯಾಕತ್ತಾರ.”

ಕಟ್ಟಿ ಪರದೆಯತ್ತ ಕೈ ತೋರಿಸಿದರು. “ಯಾರು ಅಂತ ಹುಡುಕೂದು ಹ್ಯಾಂಗ? ಹೆಸರಿಲ್ಲ, ಊರಿಲ್ಲ. ಇತ್ತಲಾಗ ಇಷ್ಟು ಜನ ಕೈ ಒಡಕೊಳ್ಳಿಕತ್ತಾರ.”

“ಅಳಿಸಿದ್ರ ಇದ್ದ ಒಂದು ಗುರುತೂ ಹೋಗತೈತ್ರಿ.”

“ಹೊತ್ತು ಮುಳುಗೂತನಕ ಕಾಯತೀನಿ. ಅದಕ್ಕಿಂತ ಜಾಸ್ತಿ ನನ್ನ ಕೈಲಾಗೂದಿಲ್ಲ.”

ದೂರು ಬಂದ ಊರುಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ ಒಂದು ವಿಷಯ ಹೊಳೆಯಿತು. ಧಾರವಾಡ, ಹುಬ್ಬಳ್ಳಿಗಳಲ್ಲಿ ಬಡಿತ ಅವತ್ತೇ ಶುರುವಾಗಿತ್ತು. ಮೂಡಲ ದಿಕ್ಕಿನ ಎರೆಸೀಮೆಯ ಹಳ್ಳಿಗಳಲ್ಲಿ ಅದಕ್ಕೂ ಮೊದಲೇ ಶುರುವಾಗಿ, ಕೈ ಇನ್ನೂ ಜೋರಾಗಿ ಏಳುತ್ತಿತ್ತು. ಪಟ್ಟಿಯಿಂದ ಪಟ್ಟಿಗೆ ಹಬ್ಬಿದ ಬಡಿತ ಆ ಕಡೆಯಿಂದಲೇ ಹೊರಟಿತ್ತು. ಹತ್ತಿರ ಹೋದಷ್ಟೂ ಬಲವಾಗುತ್ತದೆಂದರೆ, ದಾರಿ ಹುಡುಕಿ ತೋರಿಸಲು ಪಟ್ಟಿ ತೊಟ್ಟ ಒಂದು ತೋಳು ಜೊತೆಗಿದ್ದರೆ ಸಾಕು.

ಮನೆಗೆ ಬಂದು ತಾಯಿಗೆ ವಿಷಯ ಹೇಳಿದಾಗ ಬಸಲಿಂಗವ್ವ ಆಗಲೇ ಕಾಲಿಗೆ ಚಪ್ಪಲಿ ಹುಡುಕುತ್ತಿದ್ದಳು.

“ನಿನಗ ತ್ರಾಸ ಆಗತೈತಿ ಅವ್ವಾ. ಕಾರಿನಾಗ ಅಷ್ಟು ದೂರ—”

“ಮುಂಜಾನಿಂದ ನನ್ನ ಮೈಯಾಗ ಒಬ್ಬರು ಕೂಗಾಕತ್ತಾರ. ನಾ ಮಂಚದ ಮ್ಯಾಲೆ ಕುಂತು ಕೇಳಕೊಂತ ಇರ್ಲೇನು? ನಡಿ.”

ಕಾರು ಊರು ದಾಟಿ ಎರೆಹೊಲಗಳ ನಡುವೆ ಓಡಿತು. ಕಡಲೆ ಕಿತ್ತ ಹೊಲಗಳು ಕಪ್ಪಗೆ ಬಿರಿದು ಮಲಗಿದ್ದವು. ಬಸಲಿಂಗವ್ವನ ಮುಷ್ಟಿ ಕಾರಿನ ಬಾಗಿಲಿಗೆ ಬಡಿಯುತ್ತಿತ್ತು. ದಾರಿ ಕವಲೊಡೆದಲ್ಲಿ ಮಂದಾಕಿನಿ ಒಂದು ದಾರಿ ಹಿಡಿದು ತುಸು ಹೋಗುತ್ತಿದ್ದಳು; ಬಡಿತ ಸೊರಗಿದರೆ ಹಿಂದಿರುಗಿ ಇನ್ನೊಂದು ಹಿಡಿಯುತ್ತಿದ್ದಳು. ನೀರು ನೋಡುವವನ ಕೈಯಲ್ಲಿ ಕವಲುಕಡ್ಡಿ ತಿರುಗುವಂತೆ ತಾಯಿಯ ತೋಳು ದಾರಿ ತೋರಿಸುತ್ತಿತ್ತು. ಸಿಂಗನಹಟ್ಟಿ ಎಂಬ ಊರಿನ ಹೊರಗೆ ಬಂದಾಗ ಅದು ಬಾಗಿಲು ಬಿಟ್ಟು ಮೇಲಕ್ಕೆ ಎದ್ದಿತು, ಕಾರಿನ ಚಾವಣಿಗೆ ಬಡಿಯತೊಡಗಿತು.

“ಇಲ್ಲೇ ನಿಲ್ಲಸು,” ಎಂದಳು ಬಸಲಿಂಗವ್ವ. ಆಕೆಯ ಹಣೆಯ ಮೇಲೆ ಬೆವರಿತ್ತು. “ಹೆಗಲು ಕಿತ್ತು ಬರತೈತಿ, ನಿಲ್ಲಸು.”

ಎದುರಿಗೆ ದೇಸಾಯರ ಹಾಳು ವಾಡೆ. ಚಾವಣಿ ಬಿದ್ದು, ಮಣ್ಣಿನ ದಪ್ಪ ಗೋಡೆಗಳು ಅರ್ಧ ಕರಗಿ ನಿಂತಿದ್ದವು. ಕಾರು ಕಂಡು ಊರಿನ ಜನ ಬಂದರು. ಮಂದಾಕಿನಿ ತೋಳುಪಟ್ಟಿ ತೊಟ್ಟವರು ಊರಲ್ಲಿ ಯಾರಿದ್ದಾರೆಂದು ಕೇಳಿದಳು.

“ಲಗಮಪ್ಪ ಪೈಲವಾನ್ರು ಒಬ್ಬರ ಇದ್ದಾರ್ರಿ,” ಎಂದನೊಬ್ಬ. “ಕುಸ್ತಿಯಾಗ ಹೆಗಲಿನ ನರಾ ಹರಿದು ಕೈ ಸೋತಿತ್ತು. ಈಗ ಊರೂರು ತಿರುಗಿ ಹುಡುಗರಿಗೆ ಪಟ್ಟು ಕಲಸ್ತಾರ. ಮಿರಜ ಕಡೆ ಹೋಗ್ಯಾರಂತ ಮನ್ಯಾಗ ಹೇಳಿದ್ರು.”

“ಹೋಗೂಕ್ಕಿಂತ ಮೊದಲ ಗರಡಿಗೆ ಹಾಳಮಣ್ಣು ಒಯ್ಬೇಕು ಅಂತಿದ್ರಲ್ಲೊ,” ಎಂದನು ಇನ್ನೊಬ್ಬ. ಕುಸ್ತಿಯ ಕಣಕ್ಕೆ ಹಳೆಯ ಗೋಡೆಯ ಮಣ್ಣು ಮೆತ್ತಗೆ, ಮೈಗೆ ಹಿತ. ಅದನ್ನು ತೆಗೆಯಲು ಎಲ್ಲರೂ ಬರುತ್ತಿದ್ದದ್ದು ಇದೇ ವಾಡೆಗೆ.

ಅಂಗಳದ ಮೂಲೆಯಲ್ಲಿ ಗೋಡೆಯೊಂದು ಹೊಸದಾಗಿ ಕುಸಿದು ಮಣ್ಣಿನ ಗುಡ್ಡೆಯಾಗಿತ್ತು. ಅದರ ಪಕ್ಕ ಸಲಿಕೆಯ ಕಾವು ಅರ್ಧ ಹೂತು ನಿಂತಿತ್ತು. ಬಸಲಿಂಗವ್ವ ಮಗಳ ಹೆಗಲು ಹಿಡಿದು ಅಲ್ಲಿಯವರೆಗೆ ಕಾಲೆಳೆಯುತ್ತ ಬಂದಳು. ಆಕೆಯ ಮುಷ್ಟಿ ತಲೆಯ ಮೇಲೆ ಗಾಳಿಯಲ್ಲಿ ಏಳುತ್ತ ಬೀಳುತ್ತ ಇತ್ತು.

ಆಗ ಕಾಲ ಕೆಳಗಿನ ನೆಲದೊಳಗಿಂದ ಸದ್ದು ಬಂತು. ಎರಡು ಸಣ್ಣದು. ಒಂದು ದೊಡ್ಡದು.

ಬಸಲಿಂಗವ್ವನ ಕೈಯೂ ಅದೇ ಕ್ಷಣದಲ್ಲಿ ಬಿದ್ದಿತ್ತು.

“ಜೀವಂತ ಅದಾರ!” ಎಂದು ಯಾರೋ ಚೀರಿದರು. ಗಂಡಸರೆಲ್ಲ ಸಲಿಕೆ, ಬುಟ್ಟಿ, ಬರಿಗೈಗಳಿಂದ ಮಣ್ಣು ಎಳೆಯತೊಡಗಿದರು. “ಪೈಲವಾನ್ರ, ತಡೀರಿ, ಬಂದ್ವಿ! ದಣಿಬ್ಯಾಡ್ರಿ!” ಎಂದು ಕೂಗಿ ಹೇಳಿದರು. ಕೆಳಗಿನಿಂದ ಮಾತು ಬರಲಿಲ್ಲ. ಬಡಿತ ಮಾತ್ರ ತಪ್ಪದೆ ಬಂತು.

ಮಣ್ಣಿನ ಅಡಿ ಕಲ್ಲಿನ ಚಪ್ಪಡಿ ಸಿಕ್ಕಿತು. ಅದು ಹಗೇವು: ಹಿಂದಿನ ಕಾಲದಲ್ಲಿ ಜೋಳ ತುಂಬಿ ಮುಚ್ಚಿಡಲು ನೆಲದೊಳಗೆ ತೋಡಿದ ಗಡಿಗೆಯಾಕಾರದ ಗುಂಡಿ. ಬಾಯಿ ಇಕ್ಕಟ್ಟು, ಒಬ್ಬ ಮನುಷ್ಯ ಇಳಿಯುವಷ್ಟು. ಮಣ್ಣು ತೆಗೆಯುತ್ತಿದ್ದ ಲಗಮಪ್ಪನ ಕಾಲಡಿ ಅದರ ಬಾಯಿ ಜಗ್ಗಿ, ಆತ ಗುಂಡಿಯ ಕೊರಳಿನೊಳಗೆ ಜಾರಿ ಸಿಕ್ಕಿಕೊಂಡಿದ್ದ. ಚಪ್ಪಡಿ ಹೊರಳಿ ಮೇಲೆ ಕೂತಿತ್ತು. ಅದರ ಮೇಲೆ ಗೋಡೆ ಬಿದ್ದಿತ್ತು.

ಹಾರೆ ಹಾಕಿ ಚಪ್ಪಡಿಯನ್ನು ಒಂದು ಬದಿಗೆ ಸರಿಸಿದರು. ಬಿಸಿಯಾದ, ಕೊಳೆತ ಗಾಳಿ ಮೇಲೆ ಬಂತು. ಜನ ಮೂಗಿಗೆ ಬಟ್ಟೆ ಹಿಡಿದು ಹಿಂದೆ ಸರಿದರು. ಹಗೇವು ತೆಗೆದಾಗ ಮಾಡುವ ಹಾಗೆ ಒಬ್ಬನು ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಅದು ಮೊಳದಷ್ಟೂ ಇಳಿಯಲಿಲ್ಲ, ಆರಿಹೋಯಿತು. ಮತ್ತೆ ಹಚ್ಚಿ ಬಿಟ್ಟ. ಮತ್ತೆ ಆರಿತು.

“ಇದರಾಗ ಉಸರಽ ಇಲ್ಲ,” ಎಂದ ಆತ. “ಇದರಾಗ ಯಾರೂ ಉಳಿಯೂದಿಲ್ರಿ.”

ಕತ್ತಲೊಳಗಿಂದ ಒಂದು ಮುಷ್ಟಿ ಮೇಲೆದ್ದು ಚಪ್ಪಡಿಯ ಅಂಚಿಗೆ ಬಡಿಯಿತು.

ಮಣ್ಣು ಎಳೆಯುತ್ತಿದ್ದವರಲ್ಲಿ ಇಬ್ಬರು ಓಡಿಹೋದರು. ಉಳಿದವರು ಇದ್ದಲ್ಲೇ ಕೂತುಬಿಟ್ಟರು. ಗುಂಡಿಗೆ ಬಾಗಿದ್ದ ಮಂದಾಕಿನಿಗೆ ಆ ಮುಷ್ಟಿಯ ಬಣ್ಣ ಕಾಣಿಸಿತು, ಬಡಿದಾಗ ಅದರಿಂದ ಒಂದು ಹನಿ ರಕ್ತವೂ ಬಾರದ್ದು ಕಾಣಿಸಿತು. ಆಕೆ ತಾಯಿಯ ಮುಖವನ್ನು ತನ್ನ ಎದೆಗೆ ಒತ್ತಿಕೊಂಡಳು.

ಅಗ್ನಿಶಾಮಕದವರು ಬಂದು, ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿದು, ಲಗಮಪ್ಪನನ್ನು ಮೇಲೆ ತಂದರು. ಅಂಗಳದಲ್ಲಿ ಮಲಗಿಸಿ ಕಂಬಳಿ ಹೊದಿಸಿದರು. ಕಂಬಳಿಯ ಒಂದು ಬದಿ ಏಳುತ್ತಿತ್ತು, ಬೀಳುತ್ತಿತ್ತು. ಯಾರೂ ಹತ್ತಿರ ಹೋಗಲಿಲ್ಲ. ಮಂದಾಕಿನಿ ಮೊಣಕಾಲೂರಿ ಕೂತು, ಕಂಬಳಿಯೊಳಗೆ ಕೈ ಹಾಕಿ, ಹೆಗಲ ಹತ್ತಿರ ಪಟ್ಟಿಯ ಕೊಂಡಿಯನ್ನು ತಡಕಾಡಿ ಬಿಚ್ಚಿದಳು. ತೋಳು ನಿಂತಿತು. ಆಕೆಯ ಬೆರಳುಗಳಿಗೆ ತಾಗಿದ ತಣ್ಣನೆಯ ಸ್ನಾಯು ಒಂದು ಕಾಲಕ್ಕೆ ಎಷ್ಟು ಗಟ್ಟಿಯಾಗಿತ್ತೆಂಬುದು ಈಗಲೂ ತಿಳಿಯುವಂತಿತ್ತು.

ಆತ ಬಿದ್ದ ಕೆಲವೇ ನಿಮಿಷಗಳಲ್ಲಿ ಉಸಿರು ಹೋಗಿದೆ ಎಂದರು ಪರೀಕ್ಷೆ ಮಾಡಿದ ಡಾಕ್ಟರು. ಊರೂರುಗಳಲ್ಲಿ ಬಡಿತ ಕೇಳುವುದಕ್ಕೆ ಎಷ್ಟೋ ಮೊದಲು.

ಕಾರಿನಲ್ಲಿ ಕೂತು ಮಂದಾಕಿನಿ ಕಟ್ಟಿಯವರಿಗೆ ಫೋನು ಮಾಡಿದಳು. ನಡೆದದ್ದನ್ನು ಹೇಳುವಾಗಲೇ ಆಕೆಗೆ ಅದರ ಅರ್ಥವೂ ಬಿಚ್ಚಿಕೊಂಡಿತು. ಆ ಕೆಲವು ನಿಮಿಷಗಳಲ್ಲಿ ಲಗಮಪ್ಪ ತನ್ನ ಆಯುಷ್ಯದ ಬಲವನ್ನೆಲ್ಲ ಹಾಕಿ ಬಡಿದಿದ್ದ. ಹಾಗೆ ಯಾರೂ ಯಾವ ತಂಬಿಗೆಯನ್ನೂ ಎತ್ತಿರಲಿಲ್ಲ. ಪಟ್ಟಿ ಅದನ್ನು ಕಲಿಯಿತು. ಮೇಲಿನ ದಾರಿಯಲ್ಲಿ ಹಾದುಹೋದ ಯಾರದೋ ತೋಳಿಗೆ ಹೇಳಿತು. ಆ ತೋಳು ಇನ್ನೊಂದಕ್ಕೆ ಹೇಳಿತು. ಎಲ್ಲರ ಕೈ ಬಡಿಯತೊಡಗಿದ ಮೇಲೆ ಆ ಬಡಿತ ಮರಳಿ ಹಗೇವಿಗೂ ಇಳಿದು, ಮಿದುಳಿನ ಅಪ್ಪಣೆಯಿಲ್ಲದೆಯೇ ಪಟ್ಟಿ ಸತ್ತ ತೋಳನ್ನು ಎತ್ತಿತು. ಅವನ ಕೈ ಬಡಿದದ್ದಕ್ಕೆ ಜನ ಬಡಿದರು. ಜನ ಬಡಿದದ್ದಕ್ಕೆ ಅವನ ಕೈ ಬಡಿಯಿತು.

“ಈಗ ಅಳಸ್ರಿ ಸರ್,” ಎಂದಳು.

ಆ ಕಡೆ ಕಟ್ಟಿ ಮೂಗು ಒರೆಸಿಕೊಂಡದ್ದು ಕೇಳಿಸಿತು. ತುಸು ಹೊತ್ತಿಗೆ ಬಸಲಿಂಗವ್ವನ ಕೈ ಕೆಳಗಿಳಿದು ತೊಡೆಯ ಮೇಲೆ ಮಲಗಿತು. ಎಲ್ಲ ಊರುಗಳಲ್ಲೂ ಹಾಗೆಯೇ ನಿಂತಿತೆಂದು ಆಮೇಲೆ ತಿಳಿಯಿತು.

ಮರುದಿನ ಮಂದಾಕಿನಿ ತಾಯಿಯ ತೋಳುಪಟ್ಟಿ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದಳು. ಬರಿಯ ತೋಳು ಆಕೆಯ ಕೈಯಲ್ಲಿ ಅಲುಗಿತು. ಆಕೆ ಹಿಡಿತ ಬಿಟ್ಟಳು. ತೋಳು ನಡುಗುತ್ತ ಎದ್ದು, ಅರ್ಧ ಮುಷ್ಟಿ ಕಟ್ಟಿ, ಮಂಚದ ಹಲಗೆಗೆ ಬಡಿಯಿತು. ಎರಡು ಸಣ್ಣದು, ಒಂದು ದೊಡ್ಡದು.

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು.

ಇದಕ್ಕೂ ವಿವರಣೆಯಿತ್ತು. ಸತ್ತಂತಿದ್ದ ಸ್ನಾಯುವಿಗೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸಿದರೆ ಮುಚ್ಚಿದ್ದ ದಾರಿಯ ಪಕ್ಕ ನರಗಳು ಹೊಸ ದಾರಿ ಹುಡುಕುತ್ತವೆ. ಲಕ್ವಾದ ಉಪಚಾರ ನಿಂತಿರುವುದೇ ಆ ನಂಬಿಕೆಯ ಮೇಲೆ. ಬೇರೆ ಊರುಗಳಿಂದಲೂ ಒಂದೆರಡು ಇಂಥ ಸುದ್ದಿ ಬಂದವು. ಕಟ್ಟಿಯವರಿಗೆ ಸಂತೋಷವಾಗಿತ್ತು. ಮಂದಾಕಿನಿಗೆ ಸಂತೋಷಪಡಲು ಆಗಲಿಲ್ಲ. ಅಡುಗೆಮನೆಯಲ್ಲಿದ್ದಾಗ ಒಳಗಿನ ಕೋಣೆಯಿಂದ ಆ ಸದ್ದು ಬಂದರೆ ಆಕೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು ಏಟು ಎಣಿಸುತ್ತಿದ್ದಳು. ಬೇರೆ ಏನನ್ನೂ ಆ ತೋಳು ಮಾಡುತ್ತಿರಲಿಲ್ಲ. ಬೆರಳು ಮಡಚು ಎಂದರೆ ಮಡಚುತ್ತಿರಲಿಲ್ಲ. ಬಡಿಯುವುದೊಂದೇ.

“ಸತ್ತಾಂವಗ ಇನ್ನೂ ಗೊತ್ತಾಗಿಲ್ಲೇನವಾ?” ಎಂದು ಬಸಲಿಂಗವ್ವ ಒಮ್ಮೆ ಕೇಳಿದಳು.

ದಿನಕರ್ಮ ಮುಗಿದ ಮೇಲೆ ಲಗಮಪ್ಪನ ಹೆಂಡತಿ ಕಾಶವ್ವ ಮನೆ ಹುಡುಕಿಕೊಂಡು ಬಂದಳು. ಎತ್ತರದ, ಒಣಗಿದ ಮುಖದ ಹೆಂಗಸು. ಚಾಪೆ ಹಾಕಿದರೂ ಕೂರದೆ ಬಾಗಿಲ ಹತ್ತಿರ ನಿಂತಳು.

“ಮಿರಜಿಗೆ ಹೋಗ್ಯಾನ ಅಂತ ನಾ ನಿಶ್ಚಿಂತಿಲೆ ಉಂಡು ಮಲಗೀನ್ರಿ,” ಎಂದಳು. “ಮನಿಂದ ವಾಡೆ ಎಷ್ಟು ದೂರ ಹೇಳ್ರಿ. ಹಿತ್ತಲಕ ಬಂದು ನಿಂತ್ರ ಕಾಣತೈತಿ. ನನಗ ಕೇಳಿಸಲಿಲ್ಲ. ನಿಮಗ ಕೇಳಿಸ್ತು.”

“ನಮಗ ಅಲ್ರೀ ಅಕ್ಕಾರ, ಈ ಪಟ್ಟಿ—” ಎಂದು ಮಂದಾಕಿನಿ ಹೇಳಹೋದಳು.

ಒಳಗಿನ ಕೋಣೆಯಿಂದ ಬಡಿತ ಬಂತು.

ಕಾಶವ್ವ ತಿರುಗಿದಳು. ಅದು ಏನೆಂದು ಯಾರೂ ಹೇಳಬೇಕಾಗಲಿಲ್ಲ. ಒಳಗೆ ಹೋಗಿ ಬಸಲಿಂಗವ್ವನ ಮಂಚದ ಪಕ್ಕ ನೆಲದ ಮೇಲೆ ಕೂತಳು. ಪಟ್ಟಿಯಿಲ್ಲದೆಯೇ ಎದ್ದು ಬೀಳುತ್ತಿದ್ದ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. “ಹಿಂಗಽ,” ಎಂದಳು ಮೆಲ್ಲಗೆ. “ಹಿಂಗಽ ಬಾಗಲಾ ಬಡೀತಿದ್ದನ್ರಿ. ಗರಡಿಯಿಂದ ಬಂದಾಗ. ಎರಡು ಸಣ್ಣದು, ಆಮ್ಯಾಲೆ ತಡಾ ಆತು ಅಂತ ಒಂದು ಸಿಟ್ಟಿಂದು.”

ಬಸಲಿಂಗವ್ವನ ಕಣ್ಣು ತುಂಬಿದವು. ಮಂದಾಕಿನಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಳು.

ಕಾಶವ್ವ ತನ್ನ ಅಂಗೈಯನ್ನು ಹಲಗೆಯ ಮೇಲೆ, ಮುಷ್ಟಿ ಬೀಳುವ ಜಾಗದಲ್ಲಿ ಇಟ್ಟಳು. ಮುಷ್ಟಿ ಅದರ ಮೇಲೆ ಬಿತ್ತು. ಒಮ್ಮೆ. ಇನ್ನೊಮ್ಮೆ. ಆಮೇಲೆ ಜೋರಾಗಿ.

“ಕೇಳಿಸ್ತು,” ಎಂದಳು ಕಾಶವ್ವ. “ಕೇಳಿಸ್ತು ನನಗ. ಬಾಗಲಾ ತಗದೀನಿ, ಬಾ.”

ಕೈ ಮತ್ತೆ ಏಳಲಿಲ್ಲ.

ಕೋಣೆಯಲ್ಲಿ ಬೀದಿಯ ಸದ್ದಷ್ಟೇ ಉಳಿಯಿತು. ಮಂದಾಕಿನಿ ಕಾದಳು, ಒಂದು ಬಿಡುವಿನಷ್ಟು, ಇನ್ನೊಂದು ಬಿಡುವಿನಷ್ಟು. ಏಕೆ ನಿಂತಿತೆಂಬುದಕ್ಕೆ ಆಕೆ ಓದಿದ್ದರಲ್ಲಿ ಯಾವ ವಿವರಣೆಯೂ ಇರಲಿಲ್ಲ. ಕಾಶವ್ವನ ಅಂಗೈಯಲ್ಲಿ ಮಲಗಿದ್ದ ಮುಷ್ಟಿ ಸಡಿಲಾಯಿತು. ಬೆರಳುಗಳು ಬಿಚ್ಚಿಕೊಂಡವು. ಕಿರುಬೆರಳು ಮೊದಲು, ಆಮೇಲೆ ಉಳಿದವು, ತಡೆದು ತಡೆದು, ಕಾಶವ್ವನ ಕೈಯ ಸುತ್ತ ಮಡಚಿಕೊಂಡು ಬಿಗಿಯಾದವು.

ಕಾಶವ್ವ ಬೆಚ್ಚಿ ತಲೆಯೆತ್ತಿದಳು.

“ಅಂಜಬ್ಯಾಡವ್ವ,” ಎಂದಳು ಬಸಲಿಂಗವ್ವ. ಮೇಲಿನ ತುಟಿಯ ಮೇಲೆಲ್ಲ ಬೆವರಿತ್ತು, ಕತ್ತಿನ ನರ ಉಬ್ಬಿತ್ತು. “ಈಗ ಹಿಡದದ್ದು ನಾನು.”